ಯಸ್ರಿಬ್ ಎಂದವನು

ಮದೀನಾ ಮುನವ್ವರಾ
ರಜಬ್ ೯, ಹಿಜರಿ ೧೩೫೪

ನನ್ನ ಕಣ್ಣಿನ ತಂಪಾದ ಹಸ್ನಾಳಿಗೆ,

ನಿನಗೂ ನಿನ್ನ ಗಂಡನಿಗೂ ಶಾಂತಿ ಇರಲಿ. ನಾವೆಲ್ಲ ಕ್ಷೇಮ. ಹಾಗೆ ಬರೆಯುವುದು ವಾಡಿಕೆ ಎಂದು ಬರೆದೆ, ನಾನಂತೂ ಕ್ಷೇಮವಾಗಿಲ್ಲ. ಒಂದು ವಾರದಿಂದ ನಮ್ಮ ಕೆಳಗಿನ ಕೋಣೆಯಲ್ಲಿ ಇಹ್ಸಾನ್ ಎಂಬ ಯುವಕ ಬಂದು ಕೂತಿದ್ದಾನೆ. ನಿಮ್ಮ ಡಮಾಸ್ಕಸ್ಸಿನವನೇ. ನನ್ನ ತಂಗಿ ನಜೀಬಾಳ ಮಗನಂತೆ.

ನಜೀಬಾಳ ಕಥೆ ನಿನಗೆ ಗೊತ್ತೇ ಇದೆ. ಈ ಊರಿಗೆ ಮುತ್ತಿಗೆ ಬಿದ್ದ ವರ್ಷ, ಒಳಗಿದ್ದ ಸೈನಿಕರೇ ಅನ್ನ ಸಾಲದೆಂದು ಊರವರನ್ನು ರೈಲಿಗೆ ತುಂಬಿ ಉತ್ತರಕ್ಕೆ ಅಟ್ಟಿದರಲ್ಲ, ಆಗ ಅವಳೂ ಹೋದಳು. ಗಂಡ ಯುದ್ಧದಲ್ಲಿ ತೀರಿಕೊಂಡಿದ್ದ. ಕೈಯಲ್ಲೊಂದು ಹೆಣ್ಣು ಕೂಸು, ಹೊಟ್ಟೆಯಲ್ಲೊಂದು. ನಿನ್ನ ತಂದೆ ಮಸೀದಿಯ ಸೇವೆಯಲ್ಲಿದ್ದುದರಿಂದ ನಮ್ಮನ್ನು ಬಿಟ್ಟರು. ಯುದ್ಧ ಮುಗಿದು ತಿರುಗಿ ಬಂದವರು, ಆ ಡಬ್ಬಿಯಲ್ಲಿದ್ದವರೆಲ್ಲ ಜ್ವರಕ್ಕೆ ಹೋದರು ಎಂದರು. ನಾವು ಅವಳ ಹೆಸರಿನಲ್ಲಿ ನಮಾಜು ಮಾಡಿ, ಅತ್ತು, ಮುಗಿಸಿದೆವು. ಈಗ ಇವನು ಬಂದು, ಅಮ್ಮ ಬದುಕಿದ್ದಾಳೆ, ನೀವೇ ಹಸಿವಿನಿಂದ ಸತ್ತಿರಿ ಎಂದು ಅವಳೂ ಇಷ್ಟು ವರ್ಷ ಅತ್ತಳು, ಹೋದ ವರ್ಷ ಇಲ್ಲಿಂದ ಮರಳಿದ ಯಾತ್ರಿಕನೊಬ್ಬ ಹೇಳಿದ ಮೇಲೆ ಗೊತ್ತಾಯಿತು ಎನ್ನುತ್ತಾನೆ. ಕಥೆ ಎಷ್ಟು ನುಣ್ಣಗಿದೆ ನೋಡು. ಬೆಳ್ಳಗಿರುವುದೆಲ್ಲ ಹಾಲಲ್ಲ.

ನಿನ್ನ ತಂದೆಯೋ, ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮನುಷ್ಯ. ಬಂದ ದಿನವೇ ತಬ್ಬಿಕೊಂಡರು. ನಾನು ಮಾತ್ರ ಪರದೆಯ ಹಿಂದಿನಿಂದಲೇ ಮಾತಾಡುತ್ತಿದ್ದೇನೆ. ತಂಗಿಯ ಮಗನಿಗೆ ಮುಖ ಮುಚ್ಚಬೇಕಾಗಿಲ್ಲ, ನಿಜ. ಆದರೆ ಒಮ್ಮೆ ಮುಖ ತೋರಿಸಿದೆನೋ, ಒಪ್ಪಿಕೊಂಡ ಹಾಗೆ. ಪಕ್ಕದ ಮನೆಯ ಉಮ್ಮು ಸಾಲಿಂ ಮೊದಲ ದಿನವೇ ಚುಚ್ಚಿದಳು. “ಈ ಮನೇಲಿ ಅರ್ಧ ನಿನ್ ತಂಗೀದಲ್ವೇನೇ ಬಹೀಜಾ? ಸತ್ತೋರು ಸುಮ್ನೆ ಎದ್ದು ಬರಲ್ಲಮ್ಮ, ಪಾಲು ಕೇಳಕ್ಕೇ ಬರ್ತಾರೆ.” ಅವಳ ನಾಲಿಗೆ ಕೆಟ್ಟದ್ದು, ಲೆಕ್ಕ ಕೆಟ್ಟದ್ದಲ್ಲ.

ಹಾಗಾಗಿ ಪರೀಕ್ಷೆ ಮಾಡಿದೆ. ಬಾವಿಯ ಪಕ್ಕ ತಾನು ನೆಟ್ಟ ದಾಳಿಂಬೆಯ ವಿಷಯ ನಿನ್ನಮ್ಮ ಹೇಳಿದ್ದಾಳಾ ಎಂದು ಅವನನ್ನು ಕೇಳಿದೆ. ಅಲ್ಲಿ ಯಾವ ಕಾಲಕ್ಕೂ ದಾಳಿಂಬೆ ಇರಲಿಲ್ಲ. ಅವನು ಯೋಚಿಸಿ, ಇಲ್ಲ, ಹೇಳಿದ ನೆನಪಿಲ್ಲ ಎಂದ. ಒಳ್ಳೆಯ ಉತ್ತರವೇ. ಆದರೆ ಪಳಗಿದ ಕಳ್ಳನೂ ಅದನ್ನೇ ಹೇಳುತ್ತಾನೆ. ನಜೀಬಾಳ ಎಡಗೈಯ ಸುಟ್ಟ ಕಲೆಯ ಬಗ್ಗೆ ಅವನೇ ಹೇಳಿದ. ಅದನ್ನು ರೈಲಿನಲ್ಲಿ ಅವಳ ಜೊತೆ ಕೂತ ಯಾರು ಬೇಕಾದರೂ ನೋಡಿರಬಹುದು. ಹೀಗೆ ಅವನು ಸರಿಯಾಗಿ ಹೇಳಿದಷ್ಟೂ ನನ್ನ ಅನುಮಾನ ಬಲಿಯಿತು.

ಮೊನ್ನೆ ಊಟಕ್ಕೆ ಕೂತಾಗ ಅವನಾಗಿಯೇ ಸಿಕ್ಕಿಬಿದ್ದ. ನಿನ್ನ ತಂದೆ ಪ್ರಯಾಣ ಹೇಗಿತ್ತೆಂದು ವಿಚಾರಿಸುತ್ತಿದ್ದರು. ಯಸ್ರಿಬ್ ಮುಟ್ಟುವಷ್ಟರಲ್ಲಿ ಸಾಕಾಯಿತು ಎಂದುಬಿಟ್ಟ. ನಿನ್ನ ತಂದೆಯ ಕೈಯಲ್ಲಿದ್ದ ತುತ್ತು ತಟ್ಟೆಗೇ ಬಿತ್ತು. ಪ್ರವಾದಿಗಳ ಮಸೀದಿಯ ನೆರಳಿನಲ್ಲಿ ಕೂತು, ಯಾತ್ರಿಕರಿಗೆ ದಾರಿ ತೋರಿಸುವವರ ಅನ್ನ ತಿನ್ನುತ್ತಾ, ಯಸ್ರಿಬ್! ಪ್ರವಾದಿಗಳು ಕಾಲಿಡುವ ಮುಂಚಿನ ಹೆಸರು ಅದು, ಅವರೇ ಬೇಡವೆಂದು ತೆಗೆದು ತಯ್ಬಾ ಎಂದು ಕರೆದರು. ಆಮೇಲೂ ಆ ಹೆಸರನ್ನು ಬಿಡದೆ ಕೂಗಿದವರು ಕಪಟಿಗಳು. ನನ್ನ ಅಜ್ಜಿ ನನಗೂ ನಜೀಬಾಳಿಗೂ ಮಲಗುವ ಮುನ್ನ ತಾಬಾ, ತಯ್ಬಾ, ಮುನವ್ವರಾ ಎಂದು ಊರಿನ ಒಂದೊಂದೇ ಹೆಸರು ಹೇಳಿಸುತ್ತಿದ್ದಳು. ಬಾಯಿ ತಪ್ಪಿ ಆ ಹಳೆಯದು ಬಂದರೆ ಹತ್ತು ಸಲ ಮದೀನಾ ಎನ್ನಬೇಕು, ಇಲ್ಲದಿದ್ದರೆ ನಿದ್ದೆಗೆ ಬಿಡುತ್ತಿರಲಿಲ್ಲ. ಆ ಅಜ್ಜಿಯ ಮೊಮ್ಮಗಳು ಹೆತ್ತ ಮಗ ಹೀಗೆ ಮಾತಾಡುವನೇ? ಈ ಊರಿನ ತಾಯಿ ನಿನಗಿಲ್ಲ, ನಾಳೆಯೇ ಜಾಗ ಖಾಲಿ ಮಾಡು ಎಂದು ಪರದೆಯ ಹಿಂದಿನಿಂದಲೇ ಕಡ್ಡಿ ಮುರಿದಂತೆ ಹೇಳಿದೆ.

ಅವನಿಗೆ ಏನು ತಪ್ಪಾಯಿತೆಂದೇ ಹೊಳೆಯಲಿಲ್ಲ. ನಿನ್ನ ತಂದೆ ವಿವರಿಸಿದ ಮೇಲೆ ತಲೆ ತಗ್ಗಿಸಿದ.

“ಅಮ್ಮ ಹಂಗೇ ಅನ್ನೋದು, ದೊಡ್ಡಮ್ಮ. ಬೇರೆಯೋರು ಮದೀನಾ ಅಂದ್ರೆ ಎದ್ದು ಒಳಗೆ ಹೋಗ್ತಾಳೆ. ನನ್ ಅಕ್ಕ ರೈಲಲ್ಲೇ ತೀರ್ಕೊಂಡ್ಳಂತೆ. ಮಣ್ಣು ಮಾಡಕ್ಕೂ ರೈಲು ನಿಲ್ಲಿಸ್ಲಿಲ್ಲ, ಕಿಟಕಿಯಿಂದ ಆಚೆ ಹಾಕ್ಸಿದ್ರಂತೆ. ನನ್ ಕೂಸಿಗೆ ಒಂದು ಹಿಡಿ ಮಣ್ಣು ಕೊಡದ ಊರಿಗೆ ಒಳ್ಳೇ ಹೆಸರು ನನ್ ಬಾಯಲ್ಲಿ ಬರಲ್ಲ ಅಂತಾಳೆ.”

ಹಸ್ನಾ, ನಾನು ಎದ್ದು ಅಡುಗೆಮನೆಗೆ ಹೋದೆ. ಸಿಟ್ಟು ಬಂದರೆ ಅನ್ನ ಬಿಡುತ್ತಿರಲಿಲ್ಲ ನಜೀಬಾ, ಹೆಸರು ಬಿಡುತ್ತಿದ್ದಳು. ಒಮ್ಮೆ ನನ್ನ ಮೇಲೆ ಮುನಿದು ಇಡೀ ರಂಜಾನ್ ನನ್ನನ್ನು ಅಕ್ಕ ಎನ್ನದೆ ‘ಆ ಹುಡುಗಿ’ ಎಂದು ಕರೆದವಳು.

ಹಾಗೆಂದು ನಾನು ನಂಬಿಬಿಟ್ಟೆ ಎಂದುಕೊಳ್ಳಬೇಡ. ಮೋಸಗಾರನಾಗಿದ್ದರೆ ಮೊದಲು ತಯ್ಬಾ ಎನ್ನುವುದನ್ನೇ ಕಲಿತು ಬರುತ್ತಿದ್ದ ಎನ್ನುತ್ತಾರೆ ನಿನ್ನ ತಂದೆ. ಇರಬಹುದು. ಅದಕ್ಕಿಂತ ಜಾಣ ಮೋಸಗಾರ ಇದನ್ನೂ ಯೋಚಿಸಿರಬಹುದು. ನಜೀಬಾಳಿಗೆ ಎದೆಯ ಕಾಯಿಲೆಯಂತೆ, ಚಳಿಗಾಲ ದಾಟುವುದು ಕಷ್ಟವೆಂದು ವೈದ್ಯರು ಹೇಳಿದ್ದಾರಂತೆ. ಅಕ್ಕ ಬಾ ಎಂದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಿದ್ದಾಳಂತೆ. ಎಲ್ಲ ಅಂತೆ ಅಂತೆ. ಅತ್ತು ಮುಗಿಸಿದ ತಂಗಿಯನ್ನು ಯಾರದೋ ಮಾತು ಕೇಳಿ ಮತ್ತೆ ಬದುಕಿಸಿಕೊಂಡು, ಅದು ಸುಳ್ಳಾದರೆ ಇನ್ನೊಮ್ಮೆ ಅಳುವ ಶಕ್ತಿ ನನಗಿಲ್ಲ. ನನ್ನ ಭಯವೆಲ್ಲ ಅದೇ, ಅರ್ಧ ಮನೆಯಲ್ಲ.

ಆದ್ದರಿಂದ ನೀನು ಮೀದಾನ್ ಕೇರಿಗೆ ಹೋಗು, ಒಣ ಹಣ್ಣಿನ ಅಂಗಡಿಯ ಮೇಲಿನ ಮನೆಯಂತೆ, ಬಟ್ಟೆ ಹೊಲಿದು ಬದುಕುತ್ತಾಳಂತೆ. ಯಾರೆಂದು ಹೇಳಬೇಡ, ಏನನ್ನಾದರೂ ಹೊಲಿಸುವ ನೆಪ ಹೇಳು. ಚೆನ್ನಾಗಿ ನೋಡು. ಕೆಮ್ಮು ನಿಜದ್ದೋ ನಟನೆಯೋ, ಅದನ್ನೂ ಗಮನಿಸು. ಅವಳು ಅತ್ತರೆ ನೀನೂ ಅಳುತ್ತಾ ಕೂರಬೇಡ. ನೀನು ನಿನ್ನ ತಂದೆಯ ಮಗಳು, ಬೇಗ ಕರಗುತ್ತೀ. ಕಂಡದ್ದನ್ನು ಕಂಡಂತೆ ಬರೆ. ಅಲ್ಲಿಯವರೆಗೆ ನಾನು ಯಾವುದನ್ನೂ ಒಪ್ಪುವುದಿಲ್ಲ.

ನಿನ್ನ ತಾಯಿ,
ಬಹೀಜಾ

ವಿ.ಸೂ.: ಈ ಕಾಗದ ಕೊಡಲು ಮಆನ್‌ಗೆ ಹೋಗುವ ಲಾರಿಯವನ ಬಳಿ ಹೋಗಿದ್ದೆ. ನಾಳೆ ಹೊರಡುತ್ತಾನಂತೆ, ಅಲ್ಲಿಂದ ನಿಮ್ಮೂರಿಗೆ ರೈಲು ಸಿಗುತ್ತದಂತೆ. ನಿನ್ನ ಕಣ್ಣಿನ ಮೇಲೂ ನನಗೆ ಅಷ್ಟು ನಂಬಿಕೆಯಿಲ್ಲ, ಹಾಗಾಗಿ ನಾನೇ ಬರುತ್ತೇನೆ. ಕಾಗದ ಮೊದಲು ಮುಟ್ಟುತ್ತದೋ ನಾನೋ ನೋಡೋಣ. ರಜಬ್ ತಿಂಗಳ ಯಾತ್ರಿಕರನ್ನು ಬಿಟ್ಟು ನಿನ್ನ ತಂದೆ ಬರುವಂತಿಲ್ಲ. ಗಂಡನೋ ರಕ್ತಸಂಬಂಧದ ಗಂಡಸೋ ಜೊತೆಗಿಲ್ಲದೆ ಹೆಂಗಸನ್ನು ಹತ್ತಿಸುವುದಿಲ್ಲ ಎಂದು ಲಾರಿಯವನು ಹಟ ಹಿಡಿದ, ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿದ. ನನ್ನ ತಂಗಿಯ ಮಗ ಬರುತ್ತಾನೆ ಎಂದೆ.