ಅವ್ವ ಬೆರಳಿಡದ ಮೂರು ಊರು

ಜೋರಾಪುರ ಪೇಟೆ, ವಿಜಾಪುರ
ಗುರುವಾರ, ತಾ. ೧೧ ಜನವರಿ ೧೯೪೫

ಪ್ರೀತಿಯ ನನ್ನ ಮನೆಯವರಿಗೆ,

ರುದ್ರವ್ವ ಬರೆಯುವುದು. ಅಕ್ಷರ ಬೇರೆ ಕಂಡಿತೆಂದು ಗಾಬರಿಯಾಗಬೇಡಿ. ಇದು ಗುರುಪಾದಯ್ಯ ಮಾಸ್ತರರ ಕೈಯಲ್ಲ, ನನ್ನದು. ನಿಮ್ಮ ಮೈ ಹೇಗಿದೆ? ಎಡಗಿವಿ ಇನ್ನೂ ಗುಂಯ್ ಅನ್ನುತ್ತದೆಯೇ? ಚಳಿಗೆ ಕಾಲ್ಬೆರಳು ಬಾತಿವೆ ಎಂದು ಬರೆದಿದ್ದಿರಿ, ಇಳಿದವೇ? ಪೀರಸಾಬ ಆರಾಮ ಇದ್ದಾನೆಯೇ? ಇಷ್ಟು ಕೇಳಿದ ಮೇಲೆ ಬರೆಯಬೇಕಾದ ಸಾಲೊಂದಿದೆ, ಇತ್ತ ನಾವೆಲ್ಲರೂ ಕ್ಷೇಮ ಎಂದು. ಆ ಸಾಲನ್ನು ನಾನು ಬರೆಯುವುದಿಲ್ಲ. ನಿಮ್ಮನ್ನು ಊರಿಗೆ ಬರಗೊಡದೆ ಹಿಡಿದು ಕೂಡಿಸಿದ್ದೇ ಆ ಸಾಲು.

ಟಿಕೋಟದ ಸಾಲಿಯಲ್ಲಿ ನಮಗೆ ಅರ್ಜಿ ಬರೆಯುವುದನ್ನು ಕಲಿಸಿದವರು ಗುರುಬಸವ್ವ ಬಾಯಿಯವರು, ಆಮೇಲೆ ಚಳವಳಿಯಲ್ಲಿ ಜೈಲಿಗೆ ಹೋದವರು. ಮೊದಲು ಕೊಟ್ಟ ಮಾತು ಬರಿ, ಅದರ ಕೆಳಗೆ ಆದದ್ದು ಬರಿ, ಅಳು ಬರಿಬ್ಯಾಡ ಎನ್ನುತ್ತಿದ್ದರು. ಹಾಗೇ ಬರೆಯುತ್ತೇನೆ. ನಿಮ್ಮನ್ನು ಪಲ್ಟಣಿಗೆ ಭರ್ತಿ ಮಾಡಿಕೊಂಡ ದಿನ ಎರಡು ವರ್ಷಕ್ಕೊಮ್ಮೆ ಊರಿಗೆ ರಜೆ ಎಂದರು. ಮೂರು ವರ್ಷ ಐದು ತಿಂಗಳಾಯಿತು, ಕೊಡಲಿಲ್ಲ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ತಂತಿ ಹೋಗುತ್ತದೆ, ಸಿಪಾಯಿ ಬರುತ್ತಾನೆ ಎಂದರು. ತಂತಿ ಹೋಗಲಿಲ್ಲ, ಸಿಪಾಯಿ ಬರಲಿಲ್ಲ. ಸಿಪಾಯಿಯ ಮನೆಯವರಿಗೆ ದವಾಖಾನೆಯಲ್ಲಿ ಜಾಗ ಎಂದರು. ಪಲ್ಟಣಿನ ಕಾಗದ ತಾ ಎಂದು ಬಾಗಿಲಿನಿಂದಲೇ ಹೊರಳಿಸಿದರು. ಕಳ್ಳಕವಟಗಿ ಹಾದಿಯಲ್ಲಿ ಹೊಲ ಎಂದರು. ಅದು ಯುದ್ಧ ಮುಗಿದ ಮೇಲಿನ ಮಾತಂತೆ, ಇರಲಿ. ಕೇಳದೆ, ಬೇಡದೆ ಈಗ ಕೊಡುತ್ತಿರುವುದು ಒಂದೇ: ಹನ್ನೊಂದು ದಿನ ಹಿಮದಲ್ಲಿ ಜಾರುವ ರಜೆ.

ನಿಮ್ಮ ಪತ್ರ ಎಂದಿನಂತೆ ಅವ್ವನ ಹೆಸರಿಗೆ, ಸ್ಟೇಷನ್ ರಸ್ತೆಯಲ್ಲಿ ಗುರುಪಾದಯ್ಯ ಮಾಸ್ತರರು ಕೂಡುವ ಕಟ್ಟೆಗೆ ಬಂತು. ನಾನು ಏಳನೆಯ ಇಯತ್ತೆ ಓದಿದವಳು. ಆದರೂ ಗಂಡನಿಗೆ ಸೊಸೆ ತಾನೇ ಪತ್ರ ಬರೆದರೆ ನಾಚಿಕೆಗೆಟ್ಟವಳು ಎನ್ನುವ ಮನೆ ನಮ್ಮದು. ಅತ್ತೆ ಹೇಳುವುದು, ಮಾಸ್ತರರು ಬರೆಯುವುದು, ನನ್ನದು ಕೊನೆಗೆ ಒಂದು ನಮಸ್ಕಾರ. ಮೂರು ವರ್ಷ ನಮ್ಮ ಸಂಸಾರ ನಡೆದದ್ದು ಆ ಒಂದು ನಮಸ್ಕಾರದಲ್ಲಿ. ಮಾಸ್ತರರು ಓದಿದರು, ನಾನೂ ಪಕ್ಕದ ಮನೆಯ ಪೀರಸಾಬನ ಹೆಂಡತಿ ಶಹಜಾದಿಯೂ ಕೆಳಗೆ ಕೂತು ಕೇಳಿದೆವು. ನಿಮ್ಮ ಕಂಪನಿಗೆ ಫೆಬ್ರುವರಿ ಕೊನೆಗೆ ಪಾಳಿಯ ಪ್ರಕಾರ ರಜೆ. ಇಟಲಿಯ ಬೆಟ್ಟದಲ್ಲಿ ಮೂರು ಊರು. ಯುದ್ಧಕ್ಕೆ ಮೊದಲು ಸಿರಿವಂತರು ಚಳಿಗಾಲ ಕಳೆಯಲು ಬರುತ್ತಿದ್ದ ಊರುಗಳು. ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವುದಕ್ಕೆ ಸ್ಕೀ ಎನ್ನುತ್ತಾರೆ. ಮೂರರಲ್ಲಿ ಒಂದನ್ನು ಆರಿಸಿ ಹೆಸರು ಬರೆಸಬೇಕು. ಜೊತೆಗೆ ಮೂರು ಚಿತ್ರದ ಕಾರ್ಡು. ಮೂರರ ಮೇಲೂ ಊರಿನ ಹೆಸರನ್ನು ಯಾರೋ ಬ್ಲೇಡಿನಿಂದ ಕೆರೆದಿದ್ದಾರೆ.

ಶಹಜಾದಿ ಕಾರ್ಡುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ನಮ್ಮವರು ಹಲಗಿ ಕಟ್ಟಿಕೊಂಡು ಜಾರ್ತಾರಂತ ಅಕ್ಕಾ, ಮಳಿಗಾಲದಾಗ ಬಾವಿ ಕಟ್ಟಿಗೆ ಬರೂದರಾಗ ನಾಕ ಸರತೆ ಬೀಳ್ತಿದ್ದರು ಎಂದಳು. ಮಾಸ್ತರರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮಾಸ್ತರರು ಕೊನೆಯ ಸಾಲಿಗೆ ಬಂದರು. ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಓದಿದರು: “ಅವ್ವಗ ಮೂರೂ ಚಿತ್ರ ತೋರಸ್ರಿ. ಆಕಿ ಬೆರಳ ಇಟ್ಟ ಊರಿಗೆ ಹೋಗ್ತೀನಿ.”

ನೀವು ಹಾಗೆ ಬರೆದದ್ದು ಸರಿಯೇ. ನಮ್ಮ ಮನೆಯಲ್ಲಿ ಆರಿಸುವ ಕೆಲಸ ಅವ್ವನ ತೋರುಬೆರಳಿನದು. ಸಂತೆಯಲ್ಲಿ ಎತ್ತಿಗೆ ಬೆರಳು, ಅಂಗಡಿಯಲ್ಲಿ ಸೀರೆಗೆ ಬೆರಳು. ಟಿಕೋಟದ ನಮ್ಮ ಅಂಗಳದಲ್ಲಿ ಅಕ್ಕತಂಗಿಯರು ಮೂವರು ನಿಂತಿದ್ದಾಗ ನನ್ನ ಮೇಲೆ ಇಟ್ಟದ್ದೂ ಅದೇ ಬೆರಳು. ಅವತ್ತು ನನಗೆ ಸಿಟ್ಟು ಬಂದಿತ್ತು, ಎತ್ತಿನ ಸಾಲಿನಲ್ಲಿ ನಿಂತ ಹಾಗೆ. ಈಗ ಆ ಬೆರಳಿಗಾಗಿ ಮನೆಯೆಲ್ಲ ಹುಡುಕುವ ಹಾಗಾಗಿದೆ.

ಸುತ್ತಿ ಬಳಸಿ ಹೇಳುವುದಿಲ್ಲ. ಕೂತುಕೊಂಡು ಓದಿರಿ, ಪೀರಸಾಬನನ್ನು ಹತ್ತಿರ ಕೂಡಿಸಿಕೊಳ್ಳಿರಿ. ಅವ್ವ ಇಲ್ಲ. ಹೋದ ಕಾರಹುಣ್ಣಿಮೆಯ ಮರುದಿನ ಮುಂಜಾನೆ ತೀರಿಕೊಂಡಳು. ಏಳು ತಿಂಗಳಾಯಿತು. ಯುಗಾದಿಗೆ ಹೊಟ್ಟೆನೋವೆಂದು ಮಲಗಿದವಳು ಮತ್ತೆ ಅಂಗಳಕ್ಕೆ ಬರಲಿಲ್ಲ. ಮಲಗಿದಲ್ಲಿಂದಲೇ ಮಾಸ್ತರರನ್ನು ಕರೆಸಿ, ನಾ ಆರಾಮ ಅದೀನಿ ಅಂತ ಬರೀರಿ, ಬಂದೂಕ ಹಿಡಿದ ಕೈ ನಡಗಬಾರದು ಎಂದು ಹೇಳಿ ಬರೆಸಿದಳು. ಮಾಸ್ತರರು ಕಣ್ಣೊರೆಸಿಕೊಳ್ಳುತ್ತ ಕ್ಷೇಮ ಎಂದು ಬರೆದರು. ಕಷ್ಟದ ಸುದ್ದಿ ಕಾಗದಕ್ಕೇರಬಾರದು ಎಂಬುದು ಅವರ ನಾಲ್ವತ್ತು ವರ್ಷದ ನಿಯಮ. ಯಾರ ಪತ್ರವನ್ನೇ ಬರೆಯಲಿ, ಮೊದಲ ಸಾಲು ಅದೇ. ಪತ್ರಕ್ಕೆ ಹೀಗೆ ಹೇಳಿದವಳು ದಿನಾ ಸ್ಟೇಷನ್ನಿನಲ್ಲಿ ಗಾಡಿ ಸಿಳ್ಳು ಹಾಕಿದಾಗಲೆಲ್ಲ ಬಂದನೇನ ನೋಡ ಎಂದು ನನ್ನನ್ನು ಬಾಗಿಲಿಗೆ ಕಳಿಸುತ್ತಿದ್ದಳು. ನಾನು ಹೋಗಿ ನಿಂತು, ರಸ್ತೆ ನೋಡಿ, ಒಳಗೆ ಬಂದು ಇಲ್ಲ ಎನ್ನುತ್ತಿದ್ದೆ. ಎಷ್ಟು ಸಲ ಎಂದು ಕೇಳಬೇಡಿ.

ಮಣ್ಣು ಕೊಟ್ಟು ಬಂದ ದಿನ ನಿಮ್ಮ ಅಣ್ಣ ಯಲಗೂರಪ್ಪ ಭಾವ ಎಲ್ಲರ ಮುಂದೆ ಹೇಳಿದರು, ಯುದ್ಧ ಮುಗಿಯುವ ತನಕ ತಮ್ಮನಿಗೆ ತಿಳಿಯಕೂಡದು ಎಂದು. ಹಿರಿಯರು ಹೂಂ ಎಂದರು. ನಾನೂ ಬಾಯಿ ತೆರೆಯಲಿಲ್ಲ. ಅದಾದ ಮೇಲೆ ನಿಮಗೆ ಐದು ಪತ್ರ ಬಂದಿವೆ, ಐದರಲ್ಲೂ ಅವ್ವನ ಆಶೀರ್ವಾದವಿದೆ. ಅವ್ವನ ಬಾಯಿಲೆ ಏನ ಬರೀಲೆವಾ ಎಂದು ಮಾಸ್ತರರು ಕೇಳುವುದು, ನಾನು ಹೇಳುವುದು. ಹೊಟ್ಟಿ ತುಂಬ ಉಣ್ಣು, ಮುಂದ ನಿಂದರಬ್ಯಾಡ, ಹಿಂದ ಉಳೀಬ್ಯಾಡ, ನಡುವ ಇರು ಎಂದು. ಅವಳು ನಿಮ್ಮನ್ನು ಸಂತೆಗೆ ಕಳಿಸುವಾಗಲೂ ಅನ್ನುತ್ತಿದ್ದ ಮಾತು. ಅವ್ವನ ಮಾತು ಓದಿ ಎದೆಗೆ ಹಾಯೆನಿಸಿತು ಎಂದು ನೀವು ಮರುಪತ್ರ ಬರೆದಿರಿ. ಅದು ಸತ್ತವಳ ಬಾಯಿಯಿಂದ ಬಂದದ್ದಲ್ಲ. ಬದುಕಿದವಳು ಕದ್ದು ಹೇಳಿದ್ದು. ಆ ತಪ್ಪು ನನ್ನದು, ಭಾವನ ಮೇಲೆ ಹಾಕುವುದಿಲ್ಲ.

ಮೂರು ಕಾರ್ಡು ಸೆರಗಿನಲ್ಲಿ ಕಟ್ಟಿಕೊಂಡು ನಾನೊಬ್ಬಳೇ ಭಾವನ ಊರು ಬಬಲೇಶ್ವರಕ್ಕೆ ಹೋದೆ. ಭಾವ ಹೊಲದಿಂದ ಬಂದು ಕಾಲು ತೊಳೆದುಕೊಳ್ಳುತ್ತಿದ್ದರು. ಕಾರ್ಡು ತೋರಿಸಿ, ಇನ್ನು ಮುಚ್ಚಿಡುವುದು ನನ್ನಿಂದಾಗದು ಎಂದೆ. ಅವರು ಮೂರನ್ನೂ ಕಟ್ಟೆಯ ಮೇಲೆ ಹರವಿ ನೋಡಿದರು. “ನಡುವಿಂದು ಚಲೋ ಐತಿ, ದೊಡ್ಡ ಮನಿ ಐತಿ. ಅವ್ವ ಇದಕ್ಕ ಬೆರಳ ಇಟ್ಟಳು ಅಂತ ಬರಿಸಿಬಿಡು ತಂಗೀ,” ಎಂದರು. ಅವರು ಕೆಟ್ಟವರಲ್ಲ. ಆದರೆ ನನಗೆ ಆ ಗಳಿಗೆಯಲ್ಲಿ ಮೈಯೆಲ್ಲ ಉರಿಯಿತು. ಆಶೀರ್ವಾದ ಕದ್ದದ್ದಾಯಿತು, ಈಗ ಬೆರಳನ್ನೂ ಕದಿಯಬೇಕೇ? ಉಣ್ಣದೆ ಎದ್ದು ಬಂದೆ.

ಮರುದಿನ ಶಹಜಾದಿಯನ್ನು ಕರೆದುಕೊಂಡು ಭರ್ತಿ ಕಚೇರಿಗೆ ಹೋದೆ. ಸ್ಕೀ ರಜೆಗೆ ಹನ್ನೊಂದು ದಿನ ಇದೆಯೆಂದರೆ ಊರಿನ ರಜೆಗೆ ಯಾಕಿಲ್ಲ ಎಂದು ಕೇಳಿದೆ. ಕಾರಕೂನ ಒಳ್ಳೆಯ ಮಾತಿನವನೇ, ಕಟ್ಟು ಬಿಚ್ಚಿ ನಿಮ್ಮ ಅರ್ಜಿಯ ಮಾತು ತೆಗೆದ. ಹೋದ ಮೇ ತಿಂಗಳಲ್ಲಿ ನೀವು ಅರ್ಜಿ ಹಾಕಿದ್ದಿರಂತೆ, ತಾಯಿಯ ಪತ್ರಗಳು ಗಿಡ್ಡಾಗುತ್ತಿವೆ, ಮೈಯಲ್ಲಿ ಸರಿಯಿಲ್ಲವೆಂದು ಅನುಮಾನ, ನೋಡಿಬರಬೇಕು ಎಂದು. ನಮಗೆ ಅದನ್ನು ಹೇಳಲೇ ಇಲ್ಲ. ನೀವೂ ನಮ್ಮ ಹಾಗೆಯೇ, ಕ್ಷೇಮದವರು. ಮೇಲಿನವರ ಉತ್ತರ ಆಗಸ್ಟಿನಲ್ಲಿ ಬಂದಿತ್ತು. ಕಾರಕೂನ ಬೆರಳು ಓಡಿಸಿ ಓದಿ ಹೇಳಿದ: “ಮನಿಯಿಂದ ಬಂದ ಎಲ್ಲಾ ಪತ್ರದಾಗ ಕ್ಷೇಮ ಅಂತನ ಐತಿ ನೋಡವಾ. ತಾಯಿ ಆಶೀರ್ವಾದನೂ ಐತಿ. ಕ್ಷೇಮ ಇದ್ದ ಮನಿಗೆ ರಜಾ ಯಾಕ ಕೊಡ್ತಾರ?”

ಶಹಜಾದಿ ನನ್ನ ಮೊಣಕೈ ಹಿಡಿದುಕೊಂಡಳು. ಮೇ ತಿಂಗಳಲ್ಲಿ ಅವ್ವನಿಗೆ ಜೀವವಿತ್ತು. ಹಡಗು ತಡವಾಗುತ್ತಿತ್ತೋ ಏನೋ, ನೀವು ಬರುವುದರೊಳಗೆ ಹೋಗಿಬಿಡುತ್ತಿದ್ದಳೋ ಏನೋ. ಆದರೆ ಗಾಡಿಯ ಸಿಳ್ಳಿಗೆ ಒಂದಿಷ್ಟು ಅರ್ಥವಾದರೂ ಇರುತ್ತಿತ್ತು. ನಿಮ್ಮನ್ನು ತಡೆದವರು ಸಮುದ್ರದಾಚೆಯ ಸಾಹೇಬರಷ್ಟೇ ಅಲ್ಲ. ನಾವೇ ಬರೆದು ಕೊಟ್ಟೆವು, ಅವರು ಅದನ್ನೇ ಓದಿ ಬಾಗಿಲು ಹಾಕಿದರು. ಹಾಗೆಂದು ಅವರನ್ನು ಬಿಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ರಜೆ ಎಂದದ್ದು ಯಾರ ಕ್ಷೇಮದ ಮೇಲೂ ನಿಂತ ಮಾತಾಗಿರಲಿಲ್ಲ.

ಮನೆಯ ಸುದ್ದಿ ಹೇಳಬೇಕಲ್ಲವೇ? ಮನೆಯಲ್ಲಿ ನಾನಿದ್ದೇನೆ. ಕೌದಿ ಹೊಲಿದುಕೊಡುತ್ತೇನೆ, ಹೊಟ್ಟೆಗೆ ತೊಂದರೆಯಿಲ್ಲ. ಹಿಟ್ಟು ನಾದುವಾಗ ಕೈ ಈಗಲೂ ಇಬ್ಬರಿಗೆ ಆಗುವಷ್ಟು ತೆಗೆದುಕೊಳ್ಳುತ್ತದೆ. ಉಳಿದ ರೊಟ್ಟಿಯನ್ನು ಶಹಜಾದಿಗೆ ಕೊಡುತ್ತೇನೆ, ಅವಳು ಮಿಕ್ಕ ಪಲ್ಯ ನನಗೆ ಕೊಡುತ್ತಾಳೆ, ಇಬ್ಬರೂ ನಡುಗೋಡೆಯ ಆಚೀಚೆ ಕೂತು ಉಣ್ಣುತ್ತೇವೆ. ಅವಳು ತವರಿಗೆ ಹೋದ ವಾರ ನಾನು ಎರಡು ದಿನ ಯಾರೊಡನೆಯೂ ಮಾತಾಡಿರಲಿಲ್ಲ. ಮೂರನೆಯ ದಿನ ಹಾಲಿನವಳು ಕೂಗಿದಾಗ ಅವಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಮಾತಾಡಿಸಿದೆ. ಮೂರು ಕಾರ್ಡುಗಳನ್ನು ಅವ್ವನ ಹಾಸಿಗೆಯ ಮೇಲೆ ಇಟ್ಟಿದ್ದೇನೆ. ಬೆಳ್ಳಗಿನ ಊರುಗಳು, ಒಂದರಲ್ಲೂ ಗುರುತಿನ ಮುಖವಿಲ್ಲ. ನಿಮಗೂ ಹಾಗೆಯೇ ಅನ್ನಿಸುತ್ತಿರಬೇಕು.

ಪಲ್ಟಣಿನ ಕಚೇರಿಯಲ್ಲಿ ಈ ಪತ್ರವನ್ನು ಒಡೆದು ನಿಮಗಿಂತ ಮೊದಲು ಓದುವವನಿಗೂ ಎರಡು ಮಾತು. ಊರಿನ ಹೆಸರು ಕೆರೆದವನೇ, ನಿನಗೆ ಕನ್ನಡ ಬರುತ್ತದೆ, ನಿನಗೂ ತಾಯಿ ಇರಬೇಕು. ಇಲ್ಲಿ ಪಲ್ಟಣಿನ ಗುಟ್ಟು ಒಂದೂ ಇಲ್ಲ. ಒಬ್ಬ ಮುದುಕಿಯ ಸಾವಿದೆ. ಅದನ್ನು ಕೆರೆಯಬೇಡ.

ಭಾವನ ಮೇಲೆ, ಮಾಸ್ತರರ ಮೇಲೆ ಸಿಟ್ಟು ಮಾಡಬೇಡಿ. ನನ್ನ ಮೇಲೆ ಮಾಡಿದರೆ ಬಂದು ಎದುರಿಗೆ ನಿಂತು ಮಾಡಿರಿ. ಈ ಸಲ ಆಶೀರ್ವಾದ ಕಳಿಸಲು ಮನೆಯಲ್ಲಿ ಹಿರಿಯರಿಲ್ಲ. ಪೀರಸಾಬನಿಗೆ ಶಹಜಾದಿಯ ಸಲಾಮು. ಹಲಗೆ ಕಟ್ಟುವುದಾದರೆ ಗಟ್ಟಿಯಾಗಿ ಕಟ್ಟಿಕೊಳ್ಳಿರಿ ಎಂದು ಹೇಳಲು ಹೇಳಿದ್ದಾಳೆ.

ನಿಮ್ಮವಳು,
ರುದ್ರವ್ವ

ತಾ. ಕ. ಟಪಾಲಿನ ಚೀಲ ಕಟ್ಟುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಪತ್ರವನ್ನು ನಿಮ್ಮ ಸಾಹೇಬನ ಮುಂದೆ ಇಟ್ಟು ಓದಿಸಿರಿ, ತಾಯಿ ಸತ್ತ ದಿನ ತೋರಿಸಿರಿ, ಊರಿನ ರಜೆ ಮತ್ತೆ ಕೇಳಿರಿ. ಕೊಟ್ಟರೆ ಹಿಮ ಗಿಮ ಬಿಟ್ಟು ಬನ್ನಿ. ಕೊಡದಿದ್ದರೆ ಮೂರನೆಯ ಊರಿಗೆ ಹೆಸರು ಬರೆಸಿರಿ, ಹತ್ತೇ ಮನೆ, ಒಂದು ಹೊಗೆ ಕಾಣುವ ಊರು. ಅಲ್ಲಿ ಜಾರುವವರು ಕಡಿಮೆ, ಒಬ್ಬರೇ ಕೂತು ಅವ್ವನಿಗಾಗಿ ಅಳಲು ಜಾಗವಿದೆ. ಬೆರಳಿಟ್ಟವಳು ಅವ್ವನಲ್ಲ, ನಾನು. ಇಲ್ಲಿ ರಜೆ ಸಿಗದ ಹದಿನಾಲ್ಕು ಮನೆಯ ಹೆಂಗಸರು ಒಂದಾಗಿದ್ದೇವೆ. ಗುರುಬಸವ್ವ ಬಾಯಿಯವರು ಟಿಕೋಟದಿಂದ ಬರುತ್ತಾರೆ. ಮಾಸ್ತರರು ಹದಿನಾಲ್ಕು ಅರ್ಜಿ ಬರೆದರು, ಒಂದರಲ್ಲೂ ಕ್ಷೇಮ ಇಲ್ಲ. ಉತ್ತರ ಬರುವ ತನಕ ವಾರ ವಾರ ಕೂಡುತ್ತೇವೆ. ನೀವು ಆ ಬೆಳ್ಳಗಿನ ಊರಿನಲ್ಲಿದ್ದರೂ ನಾನು ಎಲ್ಲಿ ಸಿಗುತ್ತೇನೆಂದು ತಿಳಿದಿರಲಿ: ಭರ್ತಿ ಕಚೇರಿಯ ಮೆಟ್ಟಿಲ ಮೇಲೆ, ಇದೇ ೧೫ನೆಯ ತಾರೀಖಿನಿಂದ, ಪ್ರತಿ ಸೋಮವಾರ, ಮುಂಜಾನೆ ಹತ್ತು ಗಂಟೆಗೆ.