ಹಳದಿ ಕಾರು ಮೊದಲು ಓಡಿದ ಭಾನುವಾರ

ಹುಟ್ಟಿದಾಗಿನಿಂದ ನನ್ನನ್ನು ಸೋಲಿಸುತ್ತಲೇ ಬಂದಿರುವ ಮುದ್ದು ತಮ್ಮನಿಗೆ,

ಕಳೆದ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ನಮ್ಮ ರಿಮೋಟ್ ಕಾರು ಕ್ಲಬ್ಬಿನ ಮಹಡಿಯಲ್ಲಿ, ಹನ್ನೆರಡು ಜನರ ಎದುರು ನೀನು ನನ್ನ ಹಳದಿ ಕಾರಿಗೆ ಅನ್ಯಾಯ ಮಾಡಿದೆ. ಆಮೇಲೆ ಅದನ್ನು ಕ್ಲಬ್ಬಿನ ಮಾಸಿಕದಲ್ಲಿ ಅಚ್ಚೂ ಹಾಕಿಸಿದೆ. ‘ಮೂರು ಪುಟ್ಟ ಕಾರುಗಳ ಹೋಲಿಕೆ’ ಎಂಬ ನಿನ್ನ ಲೇಖನವನ್ನು ಏಳು ಸಲ ಓದಿದ್ದೇನೆ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು. ಅದರಲ್ಲಿ ಒಂದು ಅಕ್ಷರದೋಷವೂ ಸಿಗಲಿಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಅಂಗೈ ಉದ್ದದ ಮೂರು ಕಾರುಗಳು. ನಿನ್ನ ನೀಲಿಯದು, ಕನ್ನಡಕದಂಗಡಿಯವರ ಕೆಂಪು, ನನ್ನ ಹಳದಿ. ಮೂರನ್ನೂ ಓಡಿಸಿದ್ದು ನಿನ್ನದೇ ಕೈ, ಮೂರಕ್ಕೂ ಆಗಷ್ಟೇ ಚಾರ್ಜ್ ಆದ ಬ್ಯಾಟರಿ, ತಲಾ ಐದು ಸುತ್ತು. ಹಳದಿಗೆ ಐವತ್ತೆರಡು ಸೆಕೆಂಡು, ಕೆಂಪಿಗೆ ನಲವತ್ತೊಂಬತ್ತು, ನೀಲಿಗೆ ನಲವತ್ತಾರು. ಕೊನೆಗೆ ನೀನು ಬರೆದೆ: ‘ಹಳದಿ ಕಾರು ನೋಡಲು ಅಂದ, ತಿರುವಿನಲ್ಲಿ ಮಾತ್ರ ಸೋಪಿನ ಮೇಲೆ ಕಾಲಿಟ್ಟವರ ಹಾಗೆ ಜಾರುತ್ತದೆ.’ ಸೋಪಂತೆ! ಆ ಕಾರಿನ ಒಂದೊಂದು ಸ್ಕ್ರೂವನ್ನೂ ಭೂತಗನ್ನಡಿ ಹಿಡಿದು ನಾನೇ ಕೂರಿಸಿದ್ದೇನಪ್ಪ.

ಮನೆಗೆ ಬಂದು ಟೈರು ಒರೆಸಿದೆ. ಬಿಳಿ ಬಟ್ಟೆಗೆ ಬೂದು ಬಣ್ಣದ ನಾರು ಅಂಟಿಕೊಂಡು ಬಂತು, ಹತ್ತಿ! ಕ್ಲಬ್ಬಿನ ಕೆಳಗೇ ಹಾಸಿಗೆ ಹೊಲಿಯುವವನ ಅಂಗಡಿ. ಅವನ ಹತ್ತಿ ವಾರವಿಡೀ ಕಿಟಕಿಯಿಂದ ಹಾರಿ ಬಂದು ನಾವು ಕಾರು ಓಡಿಸುವ ಸ್ಪಂಜಿನ ಹಾಸಿನ ಮೇಲೆ ಕೂರುತ್ತದೆ. ಮೊದಲು ಓಡುವ ಕಾರು ಅದನ್ನೆಲ್ಲ ಟೈರಿಗೆ ಬಳಿದುಕೊಂಡು ಜಾರುತ್ತದೆ. ಹಿಂದೆ ಬರುವ ಕಾರುಗಳಿಗೆ ಗುಡಿಸಿಟ್ಟ ದಾರಿ. ಅಂದು ಮೊದಲು ಓಡಿದ್ದು ಯಾವುದು? ಹಳದಿ. ಯಾಕೆ? ನೀನು ಎಲ್ಲರೆದುರು ಕೈ ಚಾಚಿ, ನಗುತ್ತಾ, “ಅಕ್ಕ ದೊಡ್ಡೋಳು, ಅಕ್ಕಂದೇ ಮೊದಲು” ಅಂದೆ. ನಾನು ಹಿಗ್ಗಿ ಹೀರೇಕಾಯಿಯಾದೆ.

ಆಗ ನೆನಪಾಯಿತು. ನನಗೆ ಹತ್ತು, ನಿನಗೆ ಏಳು. ಅಪ್ಪನ ಮರಗೆಲಸದ ಕೊಠಡಿಯಲ್ಲಿ ಒಂದು ಹಲಗೆಯನ್ನು ಓರೆಯಾಗಿಟ್ಟು, ಬಾಟಲಿ ಮುಚ್ಚಳಕ್ಕೆ ಸೈಕಲ್ ಟ್ಯೂಬ್ ಸುತ್ತಿದ ಗಾಡಿಗಳನ್ನು ಬಿಡುತ್ತಿದ್ದೆವು. ಹಲಗೆಯ ಮೇಲೆಲ್ಲ ಮರದ ಹೊಟ್ಟು. “ನೀನೇ ಮೊದಲು ಬಿಡೇ ಅಕ್ಕ” ಎನ್ನುತ್ತಿದ್ದೆ ನೀನು. ನನ್ನ ಗಾಡಿ ಹೊಟ್ಟು ಮೆತ್ತಿಕೊಂಡು ಅರ್ಧಕ್ಕೇ ನಿಲ್ಲುತ್ತಿತ್ತು. ನಿನ್ನದು ನನ್ನ ಗಾಡಿ ಗುಡಿಸಿದ ದಾರಿಯಲ್ಲಿ ಸೊಯ್ಯನೆ ಇಳಿದು ಬಾಗಿಲು ದಾಟುತ್ತಿತ್ತು. ಅಪ್ಪ ಉಳಿ ಕೆಳಗಿಟ್ಟು, “ಇವನಿಗೆ ಅಕ್ಕ ಅಂದ್ರೆ ಎಷ್ಟು ಮರ್ಯಾದೆ ನೋಡು” ಎನ್ನುತ್ತಿದ್ದರು. ಐವತ್ತೆರಡು ವರ್ಷ ನಾನೂ ಅದನ್ನೇ ನಂಬಿದ್ದೆ ಕಣೋ!

ಊಹೆಯ ಮೇಲೆ ಆಪಾದನೆ ಹೊರಿಸುವವಳು ನಾನಲ್ಲ. ಮೊನ್ನೆ ಬುಧವಾರ ಕ್ಲಬ್ಬಿನಲ್ಲಿ ಮರುಪರೀಕ್ಷೆ ನಡೆಸಿದೆ. ಕನ್ನಡಕದಂಗಡಿಯವರು ಓಡಿಸಿದರು, ನಾನು ಗಡಿಯಾರ ಹಿಡಿದೆ. ನಿನ್ನ ನೀಲಿ ಕಾರನ್ನು ಕೈಚೀಲದಲ್ಲಿ ಅಡಗಿಸಿ ತಂದವರು ಯಾರು ಗೊತ್ತೇ? ನಿನ್ನ ಹೆಂಡತಿ. ನೀಲಿಯನ್ನು ಮೊದಲು ಬಿಟ್ಟೆವು: ಐವತ್ತಮೂರು ಸೆಕೆಂಡು! ಎರಡನೇ ತಿರುವಿನಲ್ಲಿ ಗಿರಗಿರ ತಿರುಗಿ ಗೋಡೆಗೆ ಮುಖ ಮಾಡಿ ನಿಂತಿತು. ಹಳದಿ ಕೊನೆಗೆ ಓಡಿತು: ನಲವತ್ತಾರು. ನಾನು ಗಡಿಯಾರ ಹಿಡಿದುಕೊಂಡೇ ಕುಣಿದುಬಿಟ್ಟೆ, ಮಂಡಿನೋವು ಮರೆತೇಹೋಯಿತು. ನಿನ್ನ ಹೆಂಡತಿ ಹೊಟ್ಟೆ ಹಿಡಿದು ನಗುತ್ತಾ ಅಂದಳು: “ಅತ್ತಿಗೆ, ಮನೇಲೂ ಇವರದ್ದು ಇದೇ ಮರ್ಯಾದೆ. ಹೊಸ ಅಡುಗೆ ಮಾಡಿದ್ರೆ ‘ನೀನೇ ಮೊದಲು ತಿನ್ನು’ ಅಂತಾರೆ. ನನಗೇನೂ ಆಗ್ಲಿಲ್ಲ ಅಂದ್ಮೇಲೆ ತಟ್ಟೆ ತರ್ತಾರೆ!”

ಇಷ್ಟು ಚಿಕ್ಕದಕ್ಕೆ ಇಷ್ಟು ರಂಪವೇ ಎಂದು ನೀನು ಕೇಳಬಹುದು. ಈ ಭಾನುವಾರದ ಸಭೆಯಲ್ಲಿ ಹೊಸಬರ ತರಗತಿಗೆ ಕಾರು ಆರಿಸುತ್ತಾರೆ. ಆಯ್ಕೆಯಾದ ಕಾರಿನವರೇ ಕಲಿಸಬೇಕು. ಹಾಸಿಗೆ ಹೊಲಿಯುವವನ ತಾಯಿ ಆಗಲೇ ನನ್ನ ಹತ್ತಿರ ಬಂದು, “ನಿಮ್ಮ ಹಳದಿ ಗಾಡಿ ನಂಗೂ ಹೇಳ್ಕೊಡ್ತೀರಾ?” ಎಂದು ಕೇಳಿದ್ದಾರೆ. ಜೀವಮಾನವೆಲ್ಲ ಬೇರೆಯವರ ಬರಹ ತಿದ್ದಿದೆ, ಅದರಲ್ಲಿ ನನ್ನ ಹೆಸರಿನ ಒಂದು ಸಾಲೂ ಇಲ್ಲ. ಇದು ನಾನು ಮಾಡಿದ್ದು ಎಂದು ಮೇಜಿನ ಮೇಲಿಡಲು ನನಗಿರುವುದು ಈ ಕಾರೊಂದೇ. ‘ಜಾರುತ್ತದೆ’ ಎಂಬ ನಿನ್ನ ಒಂದು ಮಾತಿಗೆ ಆ ತರಗತಿ ನನ್ನ ಕೈ ತಪ್ಪಬಾರದು.

ಈ ಪತ್ರದ ಪ್ರತಿ ಮಾಸಿಕದ ಸಂಪಾದಕರಿಗೂ ಹೋಗಿದೆ. ನಿನ್ನ ಉತ್ತರ ಮನೆಯಲ್ಲಿ, ಕಾಫಿ ಲೋಟದ ಹಿಂದೆ ಮುಖ ಮರೆಸಿಕೊಂಡು ಬರಕೂಡದು. ಭಾನುವಾರ, ಎಲ್ಲರೆದುರು ಎದ್ದು ನಿಂತು ಹೇಳು: ಆ ‘ಅಕ್ಕಂದೇ ಮೊದಲು’ ಮರ್ಯಾದೆಯೋ, ಕಿತಾಪತಿಯೋ? ಎರಡೂ ಆಗಿದ್ದರೆ ಅದನ್ನೂ ಹೇಳು, ಕ್ಷಮಿಸುವುದು ನನಗೆ ಅಭ್ಯಾಸವಾಗಿದೆ. ಆಮೇಲೆ ಮೂರೂ ಕಾರುಗಳು ಮತ್ತೆ ಓಡಲಿ. ಹಾಸು ಗುಡಿಸುವ ಹಾಗಿಲ್ಲ.

ನಿನ್ನ ಬೆರಳು ನಡುಗದಿರಲಿ, ಬ್ಯಾಟರಿ ನಡುದಾರಿಯಲ್ಲಿ ಕೈಕೊಡದಿರಲಿ, ನೂರು ವರ್ಷ ನನ್ನ ಜೊತೆ ಜಗಳವಾಡುತ್ತಾ ಬಾಳು. ಈ ಸಲ ಮಾತ್ರ, ತಮ್ಮಾ, ನೀನೇ ಮೊದಲು.

ಇತಿ,
ಐವತ್ತೆರಡು ವರ್ಷ ನಿನಗೆ ದಾರಿ ಗುಡಿಸಿಕೊಟ್ಟ
ಅಕ್ಕ