ಗೆರೆ ಬೀಳದ ಹೆಸರು

ವೆನ್‌ಬೋರ್ನ್
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಬೆರಿಲ್,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಇವಳಿಗೇನು ಬಂತು ಎಂದುಕೊಂಡಿರುತ್ತೀಯ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು, ನಿನ್ನ ಎದುರು ಕೂತು, ನಿನ್ನ ಬಿಸ್ಕತ್ತು ಖಾಲಿ ಮಾಡಿ ಹೋಗುವವಳು ನಾನು. ಕಾಗದ ಯಾಕೆ? ಎದುರು ಕೂತು ಹೇಳಲಾಗಲಿಲ್ಲ, ಅದಕ್ಕೆ. ಮೂವತ್ತೈದು ವರ್ಷದಿಂದ ಹೇಳಲಾಗಿಲ್ಲ. ಆ ನರ್ಸ್ ಹುಡುಗಿಯ ಕೈಗೆ ಕೊಟ್ಟು ಓದಿಸಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು. ಇದು ನಿನ್ನ ನಾರ್ಮನ್‌ನ ವಿಷಯ. ಅವನು ಹಾಕಲಿಲ್ಲ ಎಂದು, ಅವನು ಸಾಯುವತನಕ ನೀನು ಅವನ ತಲೆಗೆ ಕಟ್ಟಿದ ಆ ಒಂದು ಓಟಿನ ವಿಷಯ.

ನಮ್ಮ ಜಿಲ್ಲಾ ಕೌನ್ಸಿಲನ್ನು ಬರುವ ಏಪ್ರಿಲ್‌ಗೆ ಮುಚ್ಚುತ್ತಾರೆ ಎಂದು ಹೇಳಿದ್ದೆನಲ್ಲ. ನಾಲ್ಕು ಜಿಲ್ಲೆಗಳನ್ನು ಸೇರಿಸಿ ಒಂದು ಮಾಡುತ್ತಾರಂತೆ, ಕಚೇರಿ ನಲವತ್ತು ಮೈಲಿ ದೂರವಂತೆ. ಕಸ ಒಯ್ಯಲಿಲ್ಲ ಎಂದು ಜಗಳವಾಡಲಿಕ್ಕೂ ಇನ್ನು ಊರಲ್ಲಿ ಯಾರೂ ಸಿಗುವುದಿಲ್ಲ. ಮೇ ತಿಂಗಳಲ್ಲಿ ಆಗಬೇಕಿದ್ದ ಚುನಾವಣೆಯೂ ರದ್ದು. ಬಾಗಿಲು ಹಾಕುವ ಮುಂಚೆ ಒಂದು ಪುಸ್ತಿಕೆ ತರಬೇಕು, ಕೌನ್ಸಿಲ್‌ನ ಚುನಾವಣೆಗಳ ಚರಿತ್ರೆ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಐವತ್ತು ವರ್ಷದ ಫಲಿತಾಂಶಗಳನ್ನು ಚಪ್ಪಲಿ ಡಬ್ಬದಲ್ಲಿ ತುಂಬಿಟ್ಟುಕೊಂಡ ಹುಚ್ಚಿ ಊರಿಗೆಲ್ಲ ನಾನೊಬ್ಬಳೇ.

ಬರೆಯಲು ಕೂತೆ. 1973ರ ಮೊದಲ ಚುನಾವಣೆಯಲ್ಲಿ ಅರ್ಧಕ್ಕರ್ಧ ವಾರ್ಡುಗಳಿಗೆ ಎದುರಾಳಿಯೇ ಇರಲಿಲ್ಲ. ಜಮೀನುದಾರರೂ ನಿವೃತ್ತ ಮೇಜರ್‌ಗಳೂ ಅಪ್ಪನ ಕುರ್ಚಿಗೆ ಬಂದವರ ಹಾಗೆ ಬಂದು ಕೂತರು. ಆಮೇಲೆ ಪಕ್ಷಗಳು ಬಂದವು, ನೀಲಿ ರಿಬ್ಬನ್, ಕೆಂಪು ರಿಬ್ಬನ್, ಹಳದಿ ರಿಬ್ಬನ್. ಮಿಲ್‌ಗೇಟ್ ವಾರ್ಡಿನ ಪುಟಕ್ಕೆ ಬಂದಾಗ ನಿನ್ನ ಹೆಸರು ಸಿಕ್ಕಿತು. 1979ರಲ್ಲಿ ನೀನು ಸೋತದ್ದು ಇನ್ನೂರ ನಲವತ್ತು ಓಟಿನಲ್ಲಿ. 83ರಲ್ಲಿ ನೂರ ಮೂವತ್ತೊಂದು. 87ರಲ್ಲಿ ನಲವತ್ನಾಲ್ಕು. "ಹಿಂಗೇ ಸೋಲ್ತಾ ಹೋಗು ಕಣೇ, ಒಂದಿನ ಗೊತ್ತಿಲ್ದಂಗೆ ಗೆದ್ದುಬಿಡ್ತೀಯ" ಎಂದು ನಾರ್ಮನ್ ಚುಡಾಯಿಸುತ್ತಿದ್ದನಲ್ಲ. ಆಮೇಲಿನದು 1991. ಅಲ್ಲಿಗೆ ನನ್ನ ಕೈ ನಿಂತಿತು. ಹನ್ನೊಂದು ದಿನ ಆ ಪುಟ ಮುಂದೆ ಹೋಗಲಿಲ್ಲ.

ಆ ಸಲ ನೀನು ನಿಂತದ್ದು ಈಜುಕೊಳಕ್ಕಾಗಿ. ಮೊದಲಿನ ಮೂರು ಸಲ ಏನೇನೋ ಭಾಷಣ ಮಾಡಿದ್ದೆ, ಆ ಸಲ ಒಂದೇ ಮಾತು: ಊರಿನ ಈಜುಕೊಳ ಮುಚ್ಚಬಾರದು. ನಿನ್ನ ತಮ್ಮ ಆಲ್ಬಿ ಒಂಬತ್ತನೇ ವಯಸ್ಸಿಗೆ ಹೊಳೆಯಲ್ಲಿ ಮುಳುಗಿ ಹೋದದ್ದನ್ನು ನೀನು ಎಲ್ಲೂ ಬಾಯಿಬಿಟ್ಟು ಹೇಳಲಿಲ್ಲ. ಹೇಳು, ಜನ ಕರಗುತ್ತಾರೆ ಎಂದು ನಾನೇ ಬಲವಂತ ಮಾಡಿದ್ದೆ. "ಅವ್ನ ಹೆಸ್ರಲ್ಲಿ ಓಟ್ ಕೇಳಲ್ಲ ಎನಿಡ್. ಮಕ್ಕಳು ಈಜು ಕಲೀಲಿ, ಅಷ್ಟೇ" ಎಂದೆ.

ಮತದಾನದ ಬೆಳಿಗ್ಗೆ ನಾನು ನಿಮ್ಮ ಅಡುಗೆಮನೆಯಲ್ಲಿದ್ದೆ. ನಾರ್ಮನ್ ತಣ್ಣಗಾದ ಟೋಸ್ಟ್ ಕಡಿಯುತ್ತಾ, "ಇವ್ಳು ಸೋತ್ರೆ ಒಳ್ಳೇದೇ ಆಯ್ತು, ಮನೇಲಿ ಬಿಸಿ ಊಟ ಸಿಗುತ್ತೆ. ನಾನಂತೂ ಮೀನು ಹಿಡಿಯೋಕೆ ಹೊರಟೆ" ಎಂದ. ನೀನು ಒರೆಸುವ ಬಟ್ಟೆ ಎಸೆದೆ, ಅದು ಅವನ ಮುಖಕ್ಕೆ ಬಿತ್ತು. ಮೂವರೂ ನಕ್ಕೆವು. ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ ಎಂದು ನನಗೆ ಎಷ್ಟೋ ವರ್ಷದ ಮೇಲೆ ಹೊಳೆಯಿತು.

ನಾನು ನಿನ್ನ ಏಜೆಂಟ್. ನಮಗೆ ಓಟು ಹಾಕುತ್ತೇನೆ ಎಂದವರ ಪಟ್ಟಿ ನನ್ನ ಕೈಯಲ್ಲಿ. ಯಾರು ಹಾಕಿದರು, ಯಾರು ಬಾಕಿ ಎಂದು ನೋಡುವುದು, ಬಾಕಿಯವರನ್ನು ಕಾರಲ್ಲಿ ಹೇರಿಕೊಂಡು ಹೋಗುವುದು, ದಿನವಿಡೀ ಅದೇ. ಸಂಜೆ ಎಂಟೂವರೆಗೆ ಮುದುಕ ಬೆಕ್ಸ್‌ಲಿಯ ಮನೆಗೆ ಓಡಿದೆ. ಹಲ್ಲಿನ ಸೆಟ್ ಹಾಕಿಕೊಳ್ಳದೆ ಓಟು ಹಾಕಲಾರೆ ಎಂದು ಪುಣ್ಯಾತ್ಮ ಹಟ ಹಿಡಿದ. ಅದು ಸೋಫಾದ ಸಂದಿಯಲ್ಲಿ ಸಿಕ್ಕಿತು. ಅವನನ್ನು ಚರ್ಚಿನ ಹಾಲ್‌ಗೆ ಮುಟ್ಟಿಸಿ, ಓಟು ಹಾಕಿಸಿ, ಮತ್ತೆ ಕಾರಿನಲ್ಲಿ ಕೂರಿಸುವಾಗ ನೆನಪಾಯಿತು. ನಾನೇ ಓಟು ಹಾಕಿಲ್ಲ.

ನನ್ನ ಮತಗಟ್ಟೆ ಸೇತುವೆಯ ಆಚೆಯ ಶಾಲೆ. ಮತದಾನ ಮುಗಿಯುವುದು ಒಂಬತ್ತಕ್ಕೆ, ನಾನು ಅಲ್ಲಿ ಮುಟ್ಟಿದಾಗ ಒಂಬತ್ತು ದಾಟಿ ಎರಡು ನಿಮಿಷ. ಒಳಗಿನಿಂದ ಚಿಲಕ ಹಾಕುತ್ತಿದ್ದ ಸದ್ದು ಕೇಳಿತು. ಹಿಂದಿನ ಸೀಟಿನಲ್ಲಿ ಬೆಕ್ಸ್‌ಲಿ ಬೀರು ಕುಡಿಸುತ್ತೀಯಾ ಎಂದು ಕೇಳುತ್ತಿದ್ದ. ಹೋಗಲಿ, ಒಂದು ಓಟಲ್ಲವೇ, ನೂರಿನ್ನೂರರಲ್ಲಿ ಗೆಲ್ಲುತ್ತೇವೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಎಣಿಕೆ ನಿನಗೆ ನೆನಪಿದೆ. ಆರುನೂರ ಹನ್ನೊಂದು, ಆರುನೂರ ಹನ್ನೊಂದು. ಮೂರು ಸಲ ಎಣಿಸಿದರು. ಮೂರು ಸಲವೂ ಅಷ್ಟೇ. ಕಾನೂನಿನಂತೆ ಚೀಟಿ ಎತ್ತಬೇಕು ಎಂದು ಚುನಾವಣಾಧಿಕಾರಿ ಖಾಲಿ ಮತಪೆಟ್ಟಿಗೆಯೊಳಗೆ ಎರಡು ಲಕೋಟೆ ಹಾಕಿ, ಮುಖ ಗೋಡೆಯ ಕಡೆ ತಿರುಗಿಸಿ, ಒಂದನ್ನು ಎತ್ತಿದರು. ನಿನ್ನ ಎದುರಾಳಿ ಪಿಕ್‌ಸ್ಟಾಕ್ ಗೆದ್ದ. ಪಾಪ, ಆ ಹರಾಜುಗಾರನಿಗೇ ಮುಜುಗರವಾಗಿ ಎರಡೂ ಕೈಯಲ್ಲಿ ನಿನ್ನ ಕೈ ಹಿಡಿದುಕೊಂಡ. ಮುಂದಿನ ಮಾರ್ಚಿನಲ್ಲಿ ಇಪ್ಪತ್ತೆರಡಕ್ಕೆ ಇಪ್ಪತ್ತೊಂದು ಮತದಿಂದ ಈಜುಕೊಳ ಮುಚ್ಚಿದರು. ಅವನು ಎತ್ತಿದ ಕೈ ನಿನ್ನದಾಗಬೇಕಿತ್ತು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.

ಚುನಾವಣೆಯಾದ ವಾರಕ್ಕೆ, ಓಟು ಹಾಕಿದವರ ಹೆಸರಿಗೆ ಗೆರೆ ಎಳೆದ ಪಟ್ಟಿ ನೋಡಲು ಕೌನ್ಸಿಲ್ ಕಚೇರಿಗೆ ಹೋದೆ. ಏಜೆಂಟ್ ಆದವಳ ಕೆಲಸ ಅದು. ನಿಮ್ಮ ಬೀದಿಯ ಪುಟದಲ್ಲಿ ನಿನ್ನ ಹೆಸರಿಗೆ ಗೆರೆಯಿತ್ತು. ಅದರ ಕೆಳಗೆ ನಾರ್ಮನ್‌ನ ಹೆಸರಿಗೂ ಗೆರೆಯಿತ್ತು, ಸ್ಕೇಲ್ ಹಿಡಿದು ಎಳೆದ ನೇರ ಗೆರೆ. ಅವನು ಹೋಗಿದ್ದ, ಬೆರಿಲ್. ಮೀನಿನ ಗಾಳ ಕಾರಲ್ಲಿಟ್ಟುಕೊಂಡೇ ಹೋಗಿದ್ದನೋ ಏನೋ, ಹೋಗಿದ್ದ. ಇನ್ನೊಂದು ಪುಟದಲ್ಲಿ ನನ್ನ ಹೆಸರು ಬೋಳಾಗಿ ನಿಂತಿತ್ತು.

ಹೇಳಬೇಕೆಂದೇ ನಿಮ್ಮ ಮನೆಗೆ ಬಂದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನೀನು ಟೀ ಬಗ್ಗಿಸುತ್ತಾ ನನ್ನ ಮುಖ ನೋಡಿ, "ಬೇಡ, ಹೇಳ್ಬೇಡ. ಗೊತ್ತಾಯ್ತು ನಂಗೆ. ನಾರ್ಮನ್ ತಾನೆ?" ಎಂದೆ.

ನಾನು ಕಪ್ಪಿನೊಳಗೆ ನೋಡಿದೆ. ನಾನು ಮಾಡಿದ್ದು ಅಷ್ಟೇ. ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಥೂ, ಎಂಥ ಸಮಾಧಾನ! ಆ ವಾರವೇ ನೀನು ಹಾಸಿಗೆಯನ್ನು ಹಿಂದಿನ ಕೋಣೆಗೆ ಸಾಗಿಸಿದೆ. ಅವನು ಆಣೆ ಮಾಡಿದ, ನೀನು ನಂಬಲಿಲ್ಲ. ಆಲ್ಬಿಯನ್ನು ಎರಡನೇ ಸಲ ಮುಳುಗಿಸಿದೆ ಎಂದು ಅವನಿಗೆ ಹೇಳಿದೆಯಂತೆ. ಅದನ್ನು ನೀನೇ ನನಗೆ ಹೇಳಿದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ನಿನಗೆ ಗೊತ್ತಿಲ್ಲದ ಇನ್ನೊಂದಿದೆ. ಎರಡು ಬೇಸಿಗೆ ಕಳೆದ ಮೇಲೆ, ತನ್ನ ತರಕಾರಿ ಪಾತಿಯ ಬೇಲಿಯ ಹತ್ತಿರ ನಾರ್ಮನ್ ನನ್ನನ್ನು ನಿಲ್ಲಿಸಿದ. "ಎನಿಡ್, ಆ ಲಿಸ್ಟ್ ನೋಡಿದ್ದು ನೀನಲ್ವಾ? ನನ್ನ ಹೆಸ್ರಿಗೆ ಗೆರೆ ಇತ್ತಲ್ವಾ?" ಎಂದು ಕೇಳಿದ. ನೆನಪಿಲ್ಲ ಎಂದೆ. "ಸರಿ ಬಿಡು" ಎಂದು, ಬುಟ್ಟಿ ತುಂಬ ಬೀನ್ಸ್ ಕೊಟ್ಟು ಕಳಿಸಿದ. ಆವತ್ತೇ ಅವನಿಗೆ ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ. ನಿನಗಿದ್ದ ಗೆಳತಿ ನಾನೊಬ್ಬಳೇ ಎಂದು ಸುಮ್ಮನಿದ್ದನೋ ಏನೋ. ಆ ಬೀನ್ಸ್ ನಾನು ಬೇಯಿಸಿ ತಿಂದೆ.

ಹೋದ ತಿಂಗಳು ನಿನ್ನನ್ನು ನೋಡಲು ಬಂದಾಗ ಈ ಪುಸ್ತಿಕೆಯ ಮಾತು ಬಂತು. ನೀನು ನನ್ನ ಕೈ ಹಿಡಿದು, ಆರು ವರ್ಷದಿಂದ ಯಾರಿಗೂ ಹೇಳದ್ದನ್ನು ಹೇಳಿದೆ. "ಸಾಯೋ ಹಿಂದಿನ ದಿನ ನಾರ್ಮನ್ ಒಪ್ಕೊಂಡ ಕಣೆ. 'ನಾನು ಹೋಗಿರ್ಲಿಲ್ಲ ಬೆರಿಲ್, ಮೀನು ಹಿಡೀತಾ ಕೂತ್ಬಿಟ್ಟೆ' ಅಂದ. ನಾನೂ ಕ್ಷಮಿಸ್ಬಿಟ್ಟೆ. ಈಗ ನೆಮ್ಮದಿಯಾಗಿದೀನಿ." ನಾನು ಏನು ಮಾಡಿದೆ ಗೊತ್ತೇ? ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ಅವನು ಮಾಡದ ತಪ್ಪನ್ನು ನಿನ್ನ ನೆಮ್ಮದಿಗಾಗಿ ಒಪ್ಪಿಕೊಂಡು ಹೋದ. ಆ ನೆಮ್ಮದಿಯನ್ನು ಈಗ ಕಿತ್ತುಕೊಳ್ಳುತ್ತಿದ್ದೇನೆ. ಬೇಡ ಎನಿಡ್, ಎಂಬತ್ನಾಲ್ಕರ ಮುದುಕಿಯನ್ನು ಯಾಕೆ ಗೋಳುಹೊಯ್ದುಕೊಳ್ಳುತ್ತೀ, ಬಾಯಿ ಮುಚ್ಚಿಕೊಂಡು ಸಾಯಿ ಎಂದು ಹನ್ನೊಂದು ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ನೀನು ಕ್ಷಮಿಸಿದ್ದು ತಪ್ಪು ಮನುಷ್ಯನನ್ನು. ಅವನಿಗೆ ನಿನ್ನ ಕ್ಷಮೆ ಬೇಕಿರಲಿಲ್ಲ, ನಂಬಿಕೆ ಬೇಕಿತ್ತು. ಅದನ್ನು ಕೊಡೋಣವೆಂದರೆ ಈಗ ಅವನಿಲ್ಲ. ಈ ಕಾಗದದಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ಈಜುಕೊಳ ಬರುವುದಿಲ್ಲ, ಹಿಂದಿನ ಕೋಣೆಯಲ್ಲಿ ಕಳೆದ ನಿನ್ನ ವರ್ಷಗಳು ಬರುವುದಿಲ್ಲ, ನನ್ನ ಎದೆಯೂ ಹಗುರಾಗಿಲ್ಲ. ಹಗುರಾದೀತು ಎಂದುಕೊಂಡಿದ್ದೆ, ನಾಚಿಕೆಗೇಡು.

ಪುಸ್ತಿಕೆಯಲ್ಲಿ ಒಂದೇ ಸಾಲು ಬರೆದೆ: ಮಿಲ್‌ಗೇಟ್, 1991, ಸಮಮತ, ಚೀಟಿ ಎತ್ತಿ ನಿರ್ಧಾರ. ಚರಿತ್ರೆಗೆ ಅಷ್ಟು ಸಾಕು. ಉತ್ತರ ಬರೆಯಬೇಡ. ಮುಂದಿನ ತಿಂಗಳು ನಾನು ಬರುವುದಿಲ್ಲ, ನಿನ್ನ ಬಾಗಿಲು ಮುಚ್ಚುವುದನ್ನು ನಿಂತು ನೋಡುವ ಧೈರ್ಯ ನನಗಿಲ್ಲ.

ಅಂಚೆಪೆಟ್ಟಿಗೆಯನ್ನು ಐದಕ್ಕೆ ಕಾಲು ಗಂಟೆ ಇರುವಾಗ ತೆಗೆಯುತ್ತಾರೆ. ಈಗ ನಾಲ್ಕೂ ಇಪ್ಪತ್ತು. ನನ್ನ ಮಂಡಿಗೆ ಅದು ಹದಿನೈದು ನಿಮಿಷದ ದಾರಿ. ಆವತ್ತು ಇನ್ನೂ ಹೊತ್ತಿದೆ, ಹೊತ್ತಿದೆ ಎಂದೇ ಕೆಟ್ಟೆ. ಈಗಲೇ ಹೊರಡುತ್ತೇನೆ.

ನಿನ್ನ ಕಾಲು ಬೆಚ್ಚಗಿರಲಿ, ನಿನಗೆ ನಿದ್ದೆ ಬರಲಿ. ನಾರ್ಮನ್‌ನ ಫೋಟೋವನ್ನು ಮಂಚದ ಪಕ್ಕಕ್ಕೆ ಇಟ್ಟುಕೋ.

ನಿನ್ನ ಏಜೆಂಟ್,
ಎನಿಡ್